ಬೆಳಗಾವಿ ಸೀಮೆಯ ಮನೆಯ ನೆಲ

ಬೆಳಗಾವಿಯ ಕೋಟೆಯೊಳಗಣ ಕಮಲ ಬಸದಿಯನ್ನು ಕಟ್ಟಿಸಿದ ಬೀಚಿರಾಜನೆಂಬ ರಟ್ಟರ ಮಂತ್ರಿಯ ಹೆಸರನ್ನು 1204ರ ಶಾಸನಗಳು ತಿಳಿಸುತ್ತವೆ. ಖಾನಾಪುರ ತಾಲೂಕಿನ ಹಲಸಿಯಲ್ಲಿ ಕದಂಬ ಮೃಗೇಶವರ್ಮನು ಜಿನಾಲಯವನ್ನು ಮಾಡಿಸಿದ ಸಂಗತಿಯನ್ನು ತಾಮ್ರಪಟಗಳು ಕಾಪಾಡಿಕೊಂಡು ಬಂದಿವೆ. ಆದರೆ ಅಂತಹ ದೇಗುಲಗಳ ಕಲ್ಲುಹಾಸಿನ ಮೇಲೆ ನಿಂತು ಕೈಮುಗಿದು ಮರಳಿದ ಗೃಹಸ್ಥನು ತನ್ನ ಮನೆಯಲ್ಲಿ ಎಂತಹ ನೆಲದ ಮೇಲೆ ಉಂಡು ಮಲಗಿದನೆಂಬುದನ್ನು ಯಾವ ಶಾಸನವೂ ಹೇಳದು. ಅದನ್ನರಿಯಲು ಹಳ್ಳಿಯ ಹಳೆಯ ಮನೆಗಳ ಪಡಸಾಲೆಯನ್ನೇ ನೋಡಬೇಕು.

ಆ ನೆಲ ಮನೆಮಂದಿಯ ಕೈಕೆಲಸ. ಕೆಂಪುಮಣ್ಣನ್ನೂ ಹುತ್ತದ ಮಣ್ಣನ್ನೂ ಹೊತ್ತು ತಂದು, ನೀರುಣಿಸಿ, ತುಳಿದು, ಹರಡಿ, ಗಂಡಸರು ದಿಮ್ಮಸಿನಿಂದ ಬಡಿದು ಗಟ್ಟಿಮಾಡಿದ ಮೇಲೆ, ಹೆಂಗಸರು ನುಣುಪಾದ ಕಲ್ಲಿನಿಂದ ತಿಕ್ಕಿ, ಸೆಗಣಿಯಿಂದ ಸಾರಿಸಿ, ಅಂಚಿಗೆ ರಂಗೋಲಿ ಎಳೆದರೆಂದರೆ ನೆಲ ಸಿದ್ಧವಾಯಿತು. ಸಿದ್ಧವಾಯಿತೆನ್ನುವುದೂ ಪೂರ್ಣ ಸತ್ಯವಲ್ಲ, ಏಕೆಂದರೆ ಮತ್ತೆಮತ್ತೆ ಸಾರಿಸದಿದ್ದರೆ ಅದು ಬಿರಿದು ಧೂಳೇಳುತ್ತಿತ್ತು. ಮಣ್ಣಿನ ನೆಲವನ್ನು ಕೊಂಡಾಡುವ ಇಂದಿನ ರಸಿಕರು, ಬೆನ್ನು ಬಗ್ಗಿಸಿ ಅದನ್ನು ಸಾರಿಸಿದವರ ಸೊಂಟನೋವನ್ನು ಲೆಕ್ಕಕ್ಕೆ ಹಿಡಿದಂತೆ ತೋರದು. ಆದರೂ ಅದಕ್ಕೊಂದು ದೊಡ್ಡ ಗುಣವಿತ್ತು: ಮನೆಯ ಕಸುಬಿಗೆ ಅದು ಮಣಿಯುತ್ತಿತ್ತು. ಶಹಾಪುರ, ವಡಗಾವಿಗಳ ನೇಕಾರರು ಮನೆಯೊಳಗೇ ಕುಣಿ ತೋಡಿ, ಕಾಲುಗಳನ್ನು ಅದರೊಳಗೆ ಇಳಿಬಿಟ್ಟು ಕುಳಿತು ಸೀರೆ ನೆಯ್ದದ್ದು ಇಂತಹ ನೆಲದಲ್ಲಿಯೇ.

ಸಹ್ಯಾದ್ರಿಯ ಮಡಿಲಿನ ಖಾನಾಪುರದಲ್ಲಿ ಮಾತ್ರ ಮಳೆಗಾಲವು ನೆಲದ ಪರಮಶತ್ರು. ಅಲ್ಲಿ ಬುಡದಿಂದ ಏರುವ ತೇವಕ್ಕೆ ಅಂಜಿ, ಉಳ್ಳವರು ಸಾಗವಾನಿಯ ಜಂತಿಗಳ ಮೇಲೆ ಹಲಗೆ ಹಾಸಿಸಿ ಅಟ್ಟಗಳನ್ನು ಮಾಡಿಸಿಕೊಂಡರು. ಅಡವಿ ಸಮೀಪದಲ್ಲಿದ್ದೂ ಮರವನ್ನು ಮಣ್ಣಿಗೆ ತಾಗಿಸದೆ ಮೇಲಕ್ಕೇ ಇರಿಸಿದ ಆ ವಿವೇಕವು ಇಂದಿಗೂ ಗಮನಾರ್ಹವಾದುದು.

1880ರ ದಶಕದ ಉತ್ತರಾರ್ಧದಲ್ಲಿ ಲೋಂಡಾದ ಮಾರ್ಗವಾಗಿ ರೈಲು ಬಂದ ಬಳಿಕ ದೂರದ ಭಾರವಾದ ಸರಕುಗಳು ಈ ಸೀಮೆಗೆ ಸುಲಭವಾಗಿ ತಲುಪುವಂತಾದವು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಆರಂಭಿಸಿದ ಹಂಚಿನ ಉದ್ಯಮದ ಮಾದರಿಯು ಕಾಲಕ್ರಮದಲ್ಲಿ ಇತ್ತಲೂ ಹಬ್ಬಿ, ಖಾನಾಪುರದ ಜಿಗುಟು ಮಣ್ಣು ಹಂಚಾಗಿ ಛಾವಣಿಯನ್ನೇರಿತು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಸಂಸ್ಥೆಯೊಂದು ಆ ಊರಿನಲ್ಲಿ ನೆಲೆಗೊಂಡುದಕ್ಕೂ ಆ ಮಣ್ಣಿನ ಕೀರ್ತಿಯೇ ಕಾರಣ. ನೆಲವಾದರೋ ಶಹಾಬಾದದ ಫರಶಿಯ ಪಾಲಾಯಿತು. ಫರಶಿಯನ್ನು ಮಟ್ಟ ನೋಡಿ ಗಾರೆಯಲ್ಲಿ ಕೂಡಿಸುವುದು ಗೌಂಡಿಯ ವಿದ್ಯೆ. ಗೃಹಸ್ಥನು ಕೈಕಟ್ಟಿ ನಿಂತು ಕೂಲಿಯ ಲೆಕ್ಕ ಹಾಕುವವನಾದನು. ಮೊಸಾಯಿಕ್ ಬಂದಾಗಲೂ, ಹೊಳೆಯುವ ಟೈಲ್ಸು ಬಂದಾಗಲೂ ಈ ಸ್ಥಿತಿ ಬದಲಾಗಲಿಲ್ಲ.

ಬದಲಾದುದು ಲ್ಯಾಮಿನೇಟ್ ಹಲಗೆಯಿಂದ. ಸ್ವೀಡನ್ನಿನ ಪೆರ್ಸ್ಟಾರ್ಪ್ ಕಂಪನಿಯು 1977ರಲ್ಲಿ ರೂಪಿಸಿದ ಈ ವಸ್ತುವು, ನಿಜವನ್ನೇ ಹೇಳುವುದಾದರೆ, ಮರವಲ್ಲ. ಮರದ ನಾರನ್ನು ಒತ್ತಿ ಮಾಡಿದ ಫಲಕದ ಮೇಲೆ ಮರದ ಚಿತ್ರವಿರುವ ಕಾಗದವನ್ನೂ ಅದರ ಮೇಲೆ ಗಟ್ಟಿಯಾದ ಪಾರದರ್ಶಕ ಪದರವನ್ನೂ ಕೂಡಿಸಿದ್ದು. 1990ರ ದಶಕದಲ್ಲಿ ಅಂಟಿನ ಹಂಗಿಲ್ಲದೆ ಒಂದರೊಳಗೊಂದು ಸಿಕ್ಕಿಕೊಳ್ಳುವ ಅಂಚುಗಳು ಬಂದುದರಿಂದ, ಗರಗಸ, ಅಳತೆಪಟ್ಟಿ, ಕೊಡತಿಗಳಿದ್ದರೆ ಮನೆಯವರೇ ಕೋಣೆಯೊಂದಕ್ಕೆ ಹಲಗೆ ಹಾಸಬಲ್ಲವರಾದರು. ಪೆಟ್ಟಿಗೆಗಳನ್ನು ಅದೇ ಕೋಣೆಯಲ್ಲಿ 48 ಗಂಟೆ ಇರಿಸಿ ಹವೆಗೆ ಹೊಂದಿಸುವುದು, ಸಿಮೆಂಟಿನ ನೆಲವನ್ನು ಮಟ್ಟಗೊಳಿಸಿ ಪ್ಲಾಸ್ಟಿಕ್ ಹಾಳೆಯನ್ನೂ ತೆಳುವಾದ ಫೋಮನ್ನೂ ಹಾಸುವುದು, ಹವೆಯ ತೇವಕ್ಕೆ ಹಲಗೆ ಹಿಗ್ಗಲೆಂದು ಗೋಡೆಯ ಸುತ್ತ ಸುಮಾರು 10 ಮಿಲಿಮೀಟರ್ ತೆರಪು ಬಿಡುವುದು, ಇವಿಷ್ಟೇ ಅದರ ರಹಸ್ಯ. ಗೌಂಡಿಯ ಕೈಸೇರಿದ್ದ ಕೆಲಸದ ಒಂದು ಪಾಲು ಹೀಗೆ ಮನೆಮಂದಿಗೆ ಮರಳಿದೆ. ದಿಮ್ಮಸು ಹೊಡೆದವರ ಮೊಮ್ಮಕ್ಕಳಿಗೆ ಇದೇನೂ ಅಸಾಧ್ಯವಾದುದಲ್ಲ.

ಆದರೆ ತೇವವು ಅಂದಿನಂತೆಯೇ ಇಂದೂ ಶತ್ರು. ನೀರು ಕುಡಿದ ಫಲಕವು ಉಬ್ಬಿತೆಂದರೆ ಮೊದಲಿನ ರೂಪಕ್ಕೆ ಬಾರದು, ಮಣ್ಣಿನ ನೆಲದಂತೆ ಸಾರಿಸಿ ಸರಿಪಡಿಸಲೂ ಬಾರದು. ಆದುದರಿಂದ ಖಾನಾಪುರದ ಕಡೆಯವರು ಇದನ್ನು ಕೆಳಮನೆಯಲ್ಲಿಯೂ ಬಚ್ಚಲ ಮಗ್ಗುಲಲ್ಲಿಯೂ ಹಾಸದಿರುವುದೇ ಲೇಸು. ಹಾಸಲೇಬೇಕೆಂದಿದ್ದರೆ ಹಿರಿಯರು ಹಲಗೆಯಿಟ್ಟ ಮಾಳಿಗೆಯ ಮೇಲೆಯೇ, ಮಳೆಗಾಲ ಕಳೆದು ಗೋಡೆಗಳು ಒಣಗಿದ ಮೇಲೆ, ಕೆಲಸ ಹಿಡಿಯಲಿ.