ಕೆರೆಯ ಭಾಗೀರಥಿ, ಕೋಟೆಯ ಸೊಸೆ: ಬಲಿಯ ಆಶಯವೊಂದರ ತುಲನೆ

ಪುರ್ತಗೇರಿ, ಗಜೇಂದ್ರಗಡ, ಸೂಡಿ ಸುತ್ತಿನ ಎರೆಹೊಲದ ಸೀಮೆಯಲ್ಲಿ ನೀರು ನಿಲ್ಲಿಸುವುದು ಎಂದೂ ಹಗುರದ ಕೆಲಸವಾಗಿರಲಿಲ್ಲ. ಸೂಡಿಯ ನಾಗಕುಂಡವೆಂಬ ಕೊಳವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ 11ನೇ ಶತಮಾನದ ಶಾಸನಗಳು ಚಾಲುಕ್ಯ ಅಕ್ಕಾದೇವಿಯಂಥ ಆಳುವವರ ಹೆಸರನ್ನು ಉಳಿಸಿವೆ. ಆದರೆ ನೀರಿಗಾಗಿ ಮನೆಯೊಳಗೆ ಯಾರು ಏನು ತೆರಬೇಕಾಗಬಹುದು ಎಂಬುದನ್ನು ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಾಡಿನಲ್ಲಿ ಉಳಿಸಿಕೊಂಡರು. ‘ಕೆರೆಗೆ ಹಾರ’ ಅಂಥ ಕಥನಗೀತೆ.

ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ಹನಿ ನೀರು ಬರಲಿಲ್ಲ. ಹೊತ್ತಿಗೆ ತೆಗೆಸಿದರೆ ಸೊಸೆಯ ಬಲಿ ಎಂದು ಬಂತು. ಹಿರಿಸೊಸೆ ಹೋದರೆ ಹಿರಿತನಕ್ಕೆ ಯಾರಿಲ್ಲವೆಂದು ಕಿರಿಸೊಸೆ ಭಾಗೀರಥಿಯನ್ನು ಗೊತ್ತು ಮಾಡಿದರು. ಸ್ಟಿತ್ ಥಾಂಪ್ಸನ್ನನ ಆಶಯ ಸೂಚಿಯಲ್ಲಿ ಇಂಥ ಬಲಿಗೆ ಎಸ್ 261 ಎಂಬ ಸಂಖ್ಯೆ ಇದೆ. ಅಲ್ಬೇನಿಯದ ಶ್ಕೋಡ್ರ ಕೋಟೆಯ ರೋಜಾಫಾ, ವುಕ್ ಕರಾಜಿಚ್ ಸಂಗ್ರಹಿಸಿದ ಸರ್ಬಿಯನ್ ಹಾಡಿನ ಗೊಯ್ಕೊನ ಹೆಂಡತಿ, ರುಮೇನಿಯದ ಮನೋಲೆಯ ಮಡದಿ, ಗ್ರೀಸಿನ ಆರ್ತಾ ಸೇತುವೆಯ ಮೇಸ್ತ್ರಿಯ ಹೆಂಡತಿ, ಕಟ್ಟಡ ನಿಲ್ಲಲೆಂದು ಬಲಿಯಾದ ಇವರೆಲ್ಲರೂ ಇದೇ ಸಾಲಿಗೆ ಸೇರುತ್ತಾರೆ. ಈ ಕಥೆ ತಮ್ಮದೇ ಎಂದು ಬಾಲ್ಕನ್ ವಿದ್ವಾಂಸರು ದೀರ್ಘಕಾಲ ವಾದಿಸಿದರು. ಅವರು ಭಾರತದ ಪಾಠಗಳತ್ತ ಕಣ್ಣೆತ್ತಿ ನೋಡಲಿಲ್ಲವೆಂದು 1995ರಲ್ಲಿ ಜಾನಪದ ವಿದ್ವಾಂಸ ಅಲನ್ ಡಂಡಸ್ ಆಕ್ಷೇಪಿಸಿದ್ದು ನ್ಯಾಯವಾಗಿಯೇ ಇತ್ತು.

ಹೋಲಿಕೆ ಬೆರಗು ಹುಟ್ಟಿಸುವಷ್ಟು ಹತ್ತಿರದ್ದು. ಆರ್ತಾದಲ್ಲಿ ಉಂಗುರ ಬಿದ್ದಿದೆಯೆಂದು ಹೇಳಿ ಅವಳನ್ನು ಅಡಿಪಾಯಕ್ಕೆ ಇಳಿಸುತ್ತಾರೆ; ಇಲ್ಲಿ ನೀರಿನ ದೇವತೆ ಗಂಗವ್ವನ ಪೂಜೆ ಮುಗಿಸಿ ಬರುವಾಗ ಬಂಗಾರದ ಬಟ್ಟಲು ಕೆರೆಯಲ್ಲೇ ಉಳಿಯುತ್ತದೆ, ಅದನ್ನು ತರಲು ಭಾಗೀರಥಿಯೇ ಮರಳಬೇಕು. ಒಂದೊಂದು ಮೆಟ್ಟಿಲಿಗೂ ನೀರು ಏರುತ್ತದೆ.

ಆದರೆ ನನ್ನ ಮಟ್ಟಿಗೆ ಸಂಶೋಧಕರು ತಡೆದು ನಿಲ್ಲಬೇಕಾದದ್ದು ಅದಕ್ಕೂ ಮೊದಲಿನ ಭಾಗದಲ್ಲಿ. ಆರ್ತಾದ ಹೆಂಗಸು ಏನೂ ಅರಿಯದೆ ಇಳಿಯುತ್ತಾಳೆ. ಭಾಗೀರಥಿಗೆ ಎಲ್ಲ ಗೊತ್ತು. ಅವಳು ತವರಿಗೆ ಹೋಗುತ್ತಾಳೆ. ಅತ್ತೆಮಾವ ಬೇರೆ ಇಡುತ್ತಾರಂತೆ ಎಂದಷ್ಟೇ ಹೇಳುತ್ತಾಳೆ. ಅಪ್ಪ ಹೊಲಮನೆ ಕೊಡುತ್ತೇನೆನ್ನುತ್ತಾನೆ, ಅವ್ವ ವಾಲಿಜೋಡು ಕೊಡುತ್ತೇನೆನ್ನುತ್ತಾಳೆ. ಮಗಳ ಕಣ್ಣೀರಿಗೆ ತವರು ಕೊಡಬಲ್ಲದ್ದು ಆಸ್ತಿ, ಒಡವೆ. ನಿಜವನ್ನು ಅವಳು ಗೆಳತಿಯ ಮುಂದೆ ಮಾತ್ರ ಬಿಚ್ಚುತ್ತಾಳೆ. ತವರಿನ ಈ ಪ್ರಸಂಗವನ್ನು ಸೂಚಿಯ ಸಂಖ್ಯೆ ಹಿಡಿಯಲಾರದು. ಇದನ್ನು ತ್ಯಾಗದ ಕಥೆಯೆಂದು ಮಾತ್ರ ಮಕ್ಕಳಿಗೆ ಕಲಿಸುವುದು ಹಾಡಿದವರಿಗೆ ಮಾಡುವ ಅನ್ಯಾಯ.

ಗಂಡಂದಿರ ವಿಷಯದಲ್ಲೂ ಕನ್ನಡದ ಹಾಡು ಬೇರೆ ದಾರಿ ಹಿಡಿದಿದೆ. ಮನೋಲೆ ಮಡದಿಯ ಸುತ್ತ ಸ್ವತಃ ಗೋಡೆ ಕಟ್ಟಿದವನು. ಭಾಗೀರಥಿಯ ಗಂಡ ಮಾದೇವರಾಯ ದಂಡಿನಲ್ಲಿದ್ದ; ಕೆಟ್ಟ ಕನಸು ಕಂಡು ಕುದುರೆ ಏರಿ ಬಂದರೆ ತಾಯಿತಂದೆ, ಅವಳು ತವರಿಗೆ ಹೋದಳೆಂದು ಸುಳ್ಳು ಹೇಳುತ್ತಾರೆ. ತವರಲ್ಲಿ ಅವಳಿಲ್ಲ, ನಿಜ ತಿಳಿಯುವುದು ಮತ್ತೆ ಆ ಗೆಳತಿಯಿಂದಲೇ. ಅವನೂ ಕೆರೆಗೆ ಹಾರುತ್ತಾನೆ. ಹೊತ್ತಿಗೆ ಬೇಡಿದ್ದು ಒಬ್ಬ ಸೊಸೆಯನ್ನು. ಯಾರನ್ನು ಎಂದು ಲೆಕ್ಕ ಹಾಕಿದ್ದು, ಸುಳ್ಳು ಹೇಳಿದ್ದು ಮನೆಯ ಹಿರಿಯರು. ಆ ಹೊಣೆಯನ್ನು ಹಾಡು ಗಂಡನ ಮೇಲೂ ಗಂಗವ್ವನ ಮೇಲೂ ಹೊರಿಸುವುದಿಲ್ಲ.