ಕಾಗದದ ದೋಣಿಯೂ ಹ್ಯಾಟರಸ್ ಅಳಿವೆಯೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪೂರ್ವತೀರವನ್ನು ಭೂಪಟದಲ್ಲಿ ನೋಡಿದವರಿಗೆ ಒಂದು ವಿಚಿತ್ರವು ಕಾಣದೆ ಹೋಗದು. ಉತ್ತರ ಕ್ಯಾರೊಲೈನಾ ಪ್ರಾಂತ್ಯದ ಮುಂದೆ, ನೆಲದಿಂದ ಬಹುದೂರದಲ್ಲಿ, ಮರಳಿನದೊಂದು ತೆಳುಗೆರೆಯು ಕಡಲಿನೊಳಗೆ ಹಾದುಹೋಗಿರುವುದು. ಹೊರಗೆ ಅಟ್ಲಾಂಟಿಕ್ ಮಹಾಸಾಗರ. ಒಳಗೆ ಕರಿಟಕ್, ಪ್ಯಾಮ್ಲಿಕೊ, ಕೋರ್ ಎಂಬ ಹಿನ್ನೀರುಗಳು. ಈ ಒಳದಾರಿಯಲ್ಲಿ 1874-75ರ ಚಳಿಗಾಲದಲ್ಲಿ ನಥಾನಿಯಲ್ ಬಿಷಪ್ ಎಂಬಾತನು ಒಬ್ಬಂಟಿಗನಾಗಿ, ಕಾಗದದ ದೋಣಿಯೊಂದನ್ನು ನಡೆಯಿಸಿಕೊಂಡು, ದಕ್ಷಿಣಾಭಿಮುಖವಾಗಿ ಹೋದನು.

ಕಾಗದದ ದೋಣಿಯೆಂದರೆ ಮಳೆಗಾಲದ ಮಕ್ಕಳಾಟವೆಂದು ಯಾರೂ ನಗಬಾರದು. ಮರದ ಅಚ್ಚಿನ ಮೇಲೆ ಕಾಗದವನ್ನು ಅಂಟಿನಿಂದ ಕೂಡಿಸಿ, ಒಣಗಿಸಿ, ನೀರು ಹಿಡಿಯದಂತೆ ವಾರ್ನಿಷ್ ಬಳಿದು ಮಾಡಿದ ಗಟ್ಟಿಯಾದ ಒಡಲು ಅದು. ಉದ್ದ 14 ಅಡಿ, ಅಗಲ 28 ಅಂಗುಲ, ತೂಕ 58 ಪೌಂಡು. ಬಿಷಪನು 1874ರ ಜುಲೈಯಲ್ಲಿ ಕ್ವಿಬೆಕ್ ನಗರದಿಂದ ಹೊರಟಾಗ ಅವನದು ಭಾರವಾದ ಮರದ ದೋಣಿ. ಜತೆಗೊಬ್ಬ ಸಹಾಯಕನೂ ಇದ್ದನು. ಟ್ರಾಯ್ ನಗರದಲ್ಲಿ ವಾಟರ್ಸ್ ಎಂಬವರು ಕಟ್ಟುತ್ತಿದ್ದ ಕಾಗದದ ದೋಣಿಗಳನ್ನು ಕಂಡು ಮನಸ್ಸು ತಿರುಗಿತು. ಅಲ್ಲಿಂದ ಅವನು ಒಬ್ಬಂಟಿಗನಾಗಿ ಹೊರಟನು. ಒಳದಾರಿಯು ಆಗ ತುಂಡುತುಂಡಾಗಿದ್ದಿತು. ನೀರು ಮುಗಿದ ಕಡೆ ದೋಣಿಯನ್ನು ನೆಲದ ಮೇಲೆ ಸಾಗಿಸಬೇಕು. ಹಗುರತನವೇ ಅವನ ಬಂಡವಾಳವಾಯಿತು.

ಆದರೆ ನೆಲದ ಮೇಲೆ ಉಪಕಾರಿಯಾದ ಹಗುರತನವು ಅಲೆಯ ಮೇಲೆ ಅಪಾಯಕ್ಕೆ ಕಾರಣವಾಗುವುದೂ ಉಂಟು. ಡೆಲವೇರ್ ಕೊಲ್ಲಿಯಲ್ಲಿ ದೋಣಿಯು ಮಗುಚಿ, ತಣ್ಣೀರಿನಲ್ಲಿ ಬಿದ್ದು, ಅವನಿಗೆ ಜೀವದ ಆಸೆಯೇ ಹೋಗುವಂತಾಗಿದ್ದಿತು. ಆ ನೆನಪನ್ನು ಹೊತ್ತುಕೊಂಡೇ ಅವನು ಪ್ಯಾಮ್ಲಿಕೊ ಹಿನ್ನೀರನ್ನು ಹೊಕ್ಕನು. ಸುಮಾರು 80 ಮೈಲಿ ಉದ್ದದ ಈ ನೀರು ಆಳವಿಲ್ಲದ್ದು. ಗಾಳಿಯೆದ್ದರೆ ಕ್ಷಣದಲ್ಲಿ ಕೆರಳುವಂಥದು. ಆದಕಾರಣ ಅವನು ಮರಳದಿಬ್ಬದ ಒಳಮಗ್ಗುಲನ್ನೇ ಹಿಡಿದು ನಡೆದನು. ಹೀಗೆ ನಡೆದವನಿಗೆ ಅಳಿವೆಗಳನ್ನು ತಪ್ಪಿಸಲು ಮಾತ್ರ ಉಪಾಯವಿಲ್ಲ.

ನಮ್ಮ ಕರಾವಳಿಯವರಿಗೆ ಅಳಿವೆಯ ಗುಣವನ್ನು ವಿವರಿಸಬೇಕಾದುದಿಲ್ಲ. ಒಳಗಿನ ನೀರು ಹೊರಕ್ಕೆ ಹರಿಯುವಾಗ ಕಡಲ ಅಲೆಯು ಅದಕ್ಕೆದುರಾಗಿ ಬಂದರೆ, ದಿಕ್ಕಿಲ್ಲದ ಕುದಿತವೊಂದು ಏಳುವುದು. ಆರೆಗಾನ್ ಮತ್ತು ಹ್ಯಾಟರಸ್ ಎಂಬ ಅಲ್ಲಿನ ಎರಡು ಅಳಿವೆಗಳು ಹಳೆಯವೂ ಅಲ್ಲ. 1846ರ ಸೆಪ್ಟೆಂಬರಿನ ಒಂದೇ ಬಿರುಗಾಳಿಯು ಮರಳನ್ನು ಸೀಳಿ ಎರಡನ್ನೂ ತೆರೆಯಿತು. ಬಿಷಪನು ಹುಟ್ಟಿದ್ದು 1837ರಲ್ಲಿ. ಎಂದರೆ ಅವನು ದಾಟಬೇಕಾದ ಅಳಿವೆಯು ಅವನಿಗಿಂತಲೂ ಕಿರಿಯದು!

ಹ್ಯಾಟರಸ್ ಅಳಿವೆಯನ್ನು ದಾಟಿದ ದಿನ ಎಡಗಡೆಯಲ್ಲಿ ತೆರೆದ ಮಹಾಸಾಗರ, ಬಲಗಡೆಯಲ್ಲಿ ಆಚೆಯ ದಡ ಕಾಣದ ಹಿನ್ನೀರು, ನಡುವೆ 58 ಪೌಂಡಿನ ಕಾಗದ. ಅಲೆಗಳ ಜತೆಗೆ ಕಡಲಹಂದಿಗಳೂ ದೋಣಿಯ ಸುತ್ತ ನೆಗೆಯುತ್ತಿದ್ದುವೆಂದು ಅವನು ಬರೆದಿರುವನು. ಅವು ಕೆಡುಕಿನ ಪ್ರಾಣಿಗಳಲ್ಲ. ಆದರೆ ಅಂಥ ಒಡಲಿಗೆ ಅವುಗಳ ಆಟವೂ ಒಂದು ಪೆಟ್ಟೇ. ಕೂಗಿದರೆ ಕೇಳುವವರಿಲ್ಲ. ಹುಟ್ಟನ್ನು ನಿಲ್ಲಿಸಿದರೆ ದೋಣಿಯು ಅಲೆಗೆ ಅಡ್ಡವಾಗುವುದು. ಒಕ್ರಕೋಕ್ ದ್ವೀಪದ ಮರೆ ಸಿಕ್ಕಿದ ಮೇಲೆಯೇ ಕೈಗಳಿಗೆ ಬಿಡುವು. 1875ರಲ್ಲಿ ಅವನು ಫ್ಲಾರಿಡಾ ಪ್ರಾಂತ್ಯವನ್ನು ದಾಟಿ ಮೆಕ್ಸಿಕೊ ಕೊಲ್ಲಿಯನ್ನು ಮುಟ್ಟಿದನು. 1878ರಲ್ಲಿ ಅವನ ಪ್ರವಾಸಗ್ರಂಥವು ಅಚ್ಚಾಯಿತು.

ಒಬ್ಬನ ಸಾಹಸವನ್ನು ಹೊಗಳುವಾಗ ಆ ನೀರುದಾರಿಯನ್ನು ಕೂಡಿಸಿದ ಕೈಗಳನ್ನು ಮರೆಯುವುದು ನ್ಯಾಯವಲ್ಲ. ಅದೇ ಸೀಮೆಯ ಡಿಸ್ಮಲ್ ಸ್ವಾಂಪ್ ಕಾಲುವೆಯನ್ನು 1793ರಿಂದ 1805ರವರೆಗೆ ಕೆಸರಿನಲ್ಲಿ ನಿಂತು ತೋಡಿದವರು ಗುಲಾಮರು. ಆಲ್ಬೆಮಾರ್ಲ್-ಚೆಸಪೀಕ್ ಕಾಲುವೆಯು 1859ರಲ್ಲಿ ತೆರೆಯಿತು. 1913ರಲ್ಲಿ ಸರಕಾರವು ಅದನ್ನು ಕೊಂಡಿತು. ಬಳಿಕ ಬೆಳೆದ ಒಳನಾಡಿನ ಜಲಮಾರ್ಗವು ಮರಳದಿಬ್ಬಗಳನ್ನು ದೂರವಿಟ್ಟು, ಪಶ್ಚಿಮದ ನೆಲವನ್ನು ಅಗೆದು ಸಾಗಿರುವುದು. ಹ್ಯಾಟರಸ್ ಅಳಿವೆಗೆ ಇಂದಿಗೂ ಸೇತುವೆಯಿಲ್ಲ. ಜನರೂ ವಾಹನಗಳೂ ಹಡಗಿನಲ್ಲಿ ದಾಟುವುವು. ಮರಳು ಸರಿದಂತೆ ಹಡಗಿನ ದಾರಿಯೂ ಸರಿಯುತ್ತಿರುವುದು.