ಪಡೆಯುವ ಸಭೆಯಿಂದ ಕೊಡುವ ಸಭೆಗೆ: ಹೊಸಪೇಟೆ ಸೀಮೆಯಲ್ಲಿ ಆಗಮನ ಕಾಲದ ಚರಿತ್ರೆ

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅವಧಿಗೆ ಕನ್ನಡ ಕ್ರೈಸ್ತರು ಆಗಮನ ಕಾಲವೆನ್ನುತ್ತಾರೆ. ನವೆಂಬರ್ 30ಕ್ಕೆ ಅತಿ ಸಮೀಪದ ಭಾನುವಾರದಿಂದ ಆರಂಭವಾಗಿ ಡಿಸೆಂಬರ್ 24ರ ಸಂಜೆಗೆ ಮುಗಿಯುವ ಈ ಕಾಲವು ಪ್ರಾರ್ಥನೆ, ಸಂಯಮ ಮತ್ತು ದಾನಗಳ ಮೂಲಕ ಕ್ರಿಸ್ತಜನನದ ಹಬ್ಬಕ್ಕೆ ಸಿದ್ಧವಾಗುವ ಕಾಲ. ಕರಾವಳಿಯಲ್ಲಿ ಈ ಆಚರಣೆಯ ಹಿಂದೆ ಶತಮಾನಗಳ ಹಳೆಯ ಧರ್ಮಕೇಂದ್ರಗಳಿವೆ. ಧರ್ಮಕೇಂದ್ರವೆಂದರೆ ಒಬ್ಬ ಗುರುವಿನ ಪಾಲನೆಯಲ್ಲಿರುವ ಸ್ಥಳೀಯ ಕಥೋಲಿಕ ಸಮುದಾಯ. ಹೊಸಪೇಟೆ, ಹಂಪಿ, ಕಂಪ್ಲಿ ಮತ್ತು ಸಂಡೂರಿನ ಸೀಮೆಯಲ್ಲಾದರೋ ಕ್ರೈಸ್ತರು ಅಲ್ಪಸಂಖ್ಯಾತರಲ್ಲೂ ಅಲ್ಪರಾಗಿದ್ದು, ಅವರ ಸಭೆಗಳು ದಂಡು, ಬರ, ಅಣೆಕಟ್ಟು ಮತ್ತು ಗಣಿಗಳ ಚರಿತ್ರೆಯೊಡನೆ ಬೆಳೆದವು. ಆದ್ದರಿಂದ ಇಲ್ಲಿನ ಆಗಮನ ಕಾಲದ ಔದಾರ್ಯವನ್ನು ಅರಿಯಬೇಕಾದರೆ ಏನನ್ನು ಕೊಡಲಾಯಿತು ಎಂಬುದಕ್ಕಿಂತ ಯಾರು ಯಾರಿಗೆ ಕೊಟ್ಟರು ಎಂಬುದನ್ನು ನೋಡಬೇಕಾಗುತ್ತದೆ.

ಹಬ್ಬದ ಸಿದ್ಧತೆಗೂ ದಾನಕ್ಕೂ ಇರುವ ನಂಟು ಬಹಳ ಹಳೆಯದು. 5ನೆಯ ಶತಮಾನದಲ್ಲಿ ಗಾಲ್ ಸೀಮೆಯ, ಅಂದರೆ ಇಂದಿನ ಫ್ರಾನ್ಸಿನ, ತೂರ್ ನಗರದ ಬಿಷಪ್ ಪರ್ಪೆತುವುಸನು ನವೆಂಬರ್ 11ರಿಂದ ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸವನ್ನು ವಿಧಿಸಿದನು. ಅದೇ ಶತಮಾನದಲ್ಲಿ, 440ರಿಂದ 461ರವರೆಗೆ ರೋಮಿನ ಪೋಪ್ ಆಗಿದ್ದ ಮಹಾ ಲಿಯೋ, ಡಿಸೆಂಬರಿನ ಉಪವಾಸವನ್ನು ಕುರಿತ ತನ್ನ ಪ್ರಬೋಧನೆಗಳಲ್ಲಿ, ಬೆಳೆಯೆಲ್ಲ ಮನೆ ಸೇರಿದ ಮೇಲೆ ದೇವರಿಗೆ ಕೃತಜ್ಞತೆಯಾಗಿ ಉಪವಾಸ ಮಾಡಬೇಕೆಂದೂ ಉಣ್ಣದೆ ಉಳಿಸಿದ್ದು ಬಡವನ ಪಾಲಾಗಬೇಕೆಂದೂ ಬೋಧಿಸಿದನು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಮೇವಿನ ತೊಟ್ಟಿ, ಎತ್ತು ಮತ್ತು ಕತ್ತೆಗಳನ್ನಿರಿಸಿ ಕ್ರಿಸ್ತಜನನದ ದೃಶ್ಯವನ್ನು ಏರ್ಪಡಿಸಿದನು. ಇಂದು ಗೋದಲಿ ಎನಿಸಿಕೊಳ್ಳುವ ಪರಂಪರೆ ಈ ಘಟನೆಯಿಂದ ಜನಪ್ರಿಯವಾಯಿತು. ಕ್ರಿಸ್ಮಸ್ ದಿನ ಉಳ್ಳವರು ಬಡವರಿಗೆ ಹೊಟ್ಟೆ ತುಂಬ ಉಣಿಸಬೇಕು, ಎತ್ತು ಕತ್ತೆಗಳಿಗೂ ಹೆಚ್ಚು ಮೇವು ಸಿಗಬೇಕು ಎಂಬುದು ಅವನ ಬಯಕೆಯಾಗಿತ್ತೆಂದು ಅವನ ಚರಿತ್ರಕಾರ ಚೆಲಾನೊದ ತೋಮಾಸನು ದಾಖಲಿಸಿದ್ದಾನೆ.

ಈ ಪರಂಪರೆಗೆ ಸೇರಿದ ವ್ಯಕ್ತಿಗಳು ವಿಜಯನಗರದ ಕಾಲದಲ್ಲಿಯೇ ಹಂಪಿಯನ್ನು ಕಂಡಿದ್ದರು. ಪೋರ್ಚುಗೀಸ್ ಅಧಿಪತಿ ಅಲ್ಬುಕರ್ಕ್ 1510ರಲ್ಲಿ ಲೂಯಿಸ್ ಎಂಬ ಫ್ರಾನ್ಸಿಸ್ಕನ್, ಅಂದರೆ ಸಂತ ಫ್ರಾನ್ಸಿಸನ ಸನ್ಯಾಸಿಸಭೆಗೆ ಸೇರಿದ, ಸನ್ಯಾಸಿಯನ್ನು ಕೃಷ್ಣದೇವರಾಯನ ಆಸ್ಥಾನಕ್ಕೆ ದೂತನನ್ನಾಗಿ ಕಳುಹಿಸಿದನು. 1520ರ ಸುಮಾರಿಗೆ ಡೊಮಿಂಗೊ ಪಾಯಸ್ ಮತ್ತು 1535ರ ಸುಮಾರಿಗೆ ಫೆರ್ನಾವೊ ನೂನಿಜ್ ರಾಜಧಾನಿಯನ್ನು ಕಂಡು ವರ್ಣಿಸಿದರು. ಇಂದಿನ ಹೊಸಪೇಟೆಯಾಗಿರುವ ನಾಗಲಾಪುರದ ಬಳಿ ಕಟ್ಟಿದ ದೊಡ್ಡ ಕೆರೆಯ ಕೆಲಸದಲ್ಲಿ ಪೋರ್ಚುಗೀಸ್ ಶಿಲ್ಪಿಯೊಬ್ಬನು ನೆರವಾದ ಸಂಗತಿಯೂ ಅವರ ಬರಹಗಳಿಂದ ತಿಳಿದುಬರುತ್ತದೆ. ಆದರೆ ಇವರೆಲ್ಲ ದೂತರು, ಕುದುರೆ ವ್ಯಾಪಾರಿಗಳು ಮತ್ತು ಕುಶಲಕರ್ಮಿಗಳಾಗಿ ಬಂದವರೇ ಹೊರತು ಊರಲ್ಲಿ ಬೇರೂರಿದ ಸಭೆಯಾಗಲಿಲ್ಲ. 1565ರ ಯುದ್ಧದಲ್ಲಿ ರಾಜಧಾನಿ ಹಾಳಾದ ಮೇಲೆ ಆ ಸಂಪರ್ಕವೂ ಕಡಿದುಹೋಯಿತು.

ನೆಲೆನಿಂತ ಸಭೆಗಳ ಆರಂಭ 19ನೆಯ ಶತಮಾನದ್ದು. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ನಂತರ ಬಳ್ಳಾರಿಯಲ್ಲಿ ದಂಡು ನೆಲೆಯಾಯಿತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅಲ್ಲಿಗೆ ಬಂದು ಶಾಲೆಗಳನ್ನು ತೆರೆದನು, ಕನ್ನಡ ಬೈಬಲ್ಲಿನ ಅನುವಾದದಲ್ಲಿ ತೊಡಗಿದನು ಮತ್ತು 1831ರ ವೇಳೆಗೆ ಇಡೀ ಗ್ರಂಥ ಅಚ್ಚಾಗುವಂತೆ ಮಾಡಿದನು. ಬಳ್ಳಾರಿಯ ಮಿಷನರಿಗಳು ಹಂಪಿಯ ಜಾತ್ರೆಗೂ ಹೋಗಿ ಬೋಧಿಸುತ್ತ ಪುಸ್ತಿಕೆಗಳನ್ನು ಹಂಚುತ್ತಿದ್ದರು. ಇವರಲ್ಲಿ ಬಹುಪಾಲು ಮಂದಿ ಕಾಂಗ್ರಿಗೇಶನಲ್ ಪಂಥದವರು, ಅಂದರೆ ಪ್ರತಿಯೊಂದು ಸ್ಥಳೀಯ ಸಭೆಯೂ ತನ್ನ ಆಡಳಿತವನ್ನು ತಾನೇ ನಡೆಸಬೇಕೆಂದು ನಂಬಿದವರು. ಆ ಪಂಥದ ಹಿನ್ನೆಲೆಯಲ್ಲಿದ್ದ ಪ್ಯೂರಿಟನ್ ಸಂಪ್ರದಾಯವು ಬೈಬಲ್ಲಿನಲ್ಲಿ ವಿಧಿಸದ ಹಬ್ಬಗಳನ್ನು ಸಂಶಯದಿಂದ ನೋಡುತ್ತಿತ್ತು. ಹೀಗಾಗಿ ಈ ಸೀಮೆಯ ಮೊದಲ ಕ್ರೈಸ್ತ ಸಭೆಗಳಿಗೆ ಆಗಮನ ಕಾಲವೆಂಬ ವಿಶೇಷ ಋತುವಿನ ಒತ್ತು ಇರಲಿಲ್ಲ. ಅವುಗಳ ದಾನಧರ್ಮವು ಹಬ್ಬದ ಪಂಚಾಂಗಕ್ಕಿಂತ ಶಾಲೆ, ಔಷಧಿ ಮತ್ತು ಆಪತ್ಕಾಲದ ನೆರವುಗಳ ಸುತ್ತ ಬೆಳೆಯಿತು.

ಆ ಆಪತ್ಕಾಲಗಳಲ್ಲಿ 1876-78ರ ಮಹಾಕ್ಷಾಮವೇ ದೊಡ್ಡದು. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಸರ್ಕಾರದ ಪರಿಹಾರ ಕಾಮಗಾರಿಗಳು ಮತ್ತು ಗಂಜಿ ಕೇಂದ್ರಗಳ ಜೊತೆಗೆ, 1877ರಲ್ಲಿ ಲಂಡನ್ನಿನ ಮೇಯರ್ ತೆರೆದ ನಿಧಿಯ ಹಣವು ಬಟ್ಟೆ, ಬೀಜ, ಎತ್ತು ಮತ್ತು ಮನೆಯ ಸೂರುಗಳ ರೂಪದಲ್ಲಿ ಹಳ್ಳಿಗಳನ್ನು ತಲುಪಿತು. ಮಿಷನರಿಗಳು ಹಂಚಿಕೆಯಲ್ಲಿ ನೆರವಾದರು, ಅನಾಥ ಮಕ್ಕಳಿಗೆ ಆಶ್ರಯವನ್ನೂ ಕೊಟ್ಟರು. ಈ ನೆರವು ಎಷ್ಟೋ ಜೀವಗಳನ್ನು ಉಳಿಸಿತಾದರೂ ಅದರ ಜೊತೆಗೇ ಒಂದು ಅಪವಾದವೂ ಹುಟ್ಟಿತು: ಅನ್ನದ ಆಸೆಗೆ ಮತ ಬಿಟ್ಟವರು ಎಂಬ ಮಾತು ಬಡ ಕ್ರೈಸ್ತರನ್ನು ಬಹುಕಾಲ ಬೆನ್ನಟ್ಟಿತು. ಕೊಡುವವರು ದೂರದೇಶದವರು, ಪಡೆಯುವವರು ಇಲ್ಲಿನವರು ಎಂಬ ಈ ವ್ಯವಸ್ಥೆಯಲ್ಲಿ ದಾನವು ಕೃತಜ್ಞತೆಯನ್ನು ಹುಟ್ಟಿಸಿದಷ್ಟೇ ಸಹಜವಾಗಿ ಅವಲಂಬನೆಯನ್ನೂ ಹುಟ್ಟಿಸುತ್ತಿತ್ತು.

ಇಂಥ ಅವಲಂಬನೆಗೆ ಉತ್ತರವಾಗಿ, ಕ್ಷಾಮಕ್ಕೂ ಮುಂಚೆ, 19ನೆಯ ಶತಮಾನದ ಮಧ್ಯದಿಂದಲೇ ಮಿಷನ್ ವಲಯಗಳಲ್ಲಿ ಸ್ವಾವಲಂಬನೆಯ ವಿಚಾರ ಪ್ರಬಲವಾಯಿತು. ಸ್ಥಳೀಯ ಸಭೆಯು ತನ್ನ ಖರ್ಚನ್ನು ತಾನೇ ಭರಿಸಿ, ತನ್ನನ್ನು ತಾನೇ ಆಳಿಕೊಂಡು, ತಾನೇ ಬೆಳೆಯಬೇಕೆಂಬುದು ಅದರ ಸಾರ. ಕೈಯಲ್ಲಿ ನಾಣ್ಯ ಓಡಾಡದ ಬಡ ಕುಟುಂಬಗಳಿಗೆ ಒಪ್ಪುವ ಹಾಗೆ ದಕ್ಷಿಣ ಭಾರತದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಹಿಡಿ ಅಕ್ಕಿಯ ಪದ್ಧತಿ ಬಳಕೆಗೆ ಬಂತು: ಅಡುಗೆಗೆ ಅಕ್ಕಿ ಅಳೆಯುವಾಗ ಮನೆಯಾಕೆ ಪ್ರತಿದಿನ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿಟ್ಟು, ಕೂಡಿದ್ದನ್ನು ಸಭೆಗೆ ಒಪ್ಪಿಸುತ್ತಿದ್ದಳು. ಉಣ್ಣದೆ ಉಳಿಸಿದ್ದನ್ನು ಕೊಡಬೇಕೆಂದ ಲಿಯೋನ ಬೋಧನೆಗೂ ಈ ಪದ್ಧತಿಗೂ ಇರುವ ಹೋಲಿಕೆ ಎದ್ದು ಕಾಣುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಕೊಡುವವಳೂ ಬಡವಳೇ. ಕಾಂಗ್ರಿಗೇಶನಲ್ ಸಭೆಗಳೂ ಸೇರಿ 1908ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಐಕ್ಯ ಸಭೆಯು 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ ಮತ್ತು ಮೆಥಡಿಸ್ಟ್ ಸಭೆಗಳೊಡನೆ ಒಂದಾಗಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ., ಆದಾಗ ಆಂಗ್ಲಿಕನ್ ಪರಂಪರೆಯ ಋತುಚಕ್ರವೂ ಅದರೊಳಗೆ ಬಂತು. ಹಬ್ಬಗಳ ವಿಷಯದಲ್ಲಿ ಬಿಗುವಾಗಿದ್ದ ಹಳೆಯ ಸಭೆಗಳ ವಾರಸುದಾರರಿಗೂ ಆಗಮನದ ನಾಲ್ಕು ಭಾನುವಾರಗಳು ಪರಿಚಿತವಾದದ್ದು ಹೀಗೆ.

ಇದೇ ವೇಳೆಗೆ ಸೀಮೆಯ ಜನಜೀವನವೇ ಬದಲಾಗುತ್ತಿತ್ತು. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದು, 1953ರಲ್ಲಿ ನೀರು ಹರಿಯುವ ಹೊತ್ತಿಗೆ ಹೊಸಪೇಟೆಯ ಪಕ್ಕದಲ್ಲಿ ಟಿ.ಬಿ. ಡ್ಯಾಂ ಎಂಬ ಹೊಸ ವಸತಿ ಬೆಳೆದಿತ್ತು; ತಮಿಳು ಮತ್ತು ತೆಲುಗು ಸೀಮೆಗಳ ಕೆಲಸಗಾರರೂ ನೌಕರರೂ ಇಲ್ಲಿಗೆ ಬಂದರು. ಸಂಡೂರಿನ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಗಣಿಗಳು, ದೋಣಿಮಲೈ ಗಣಿಯ ವಸತಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಮುಂದಿನ ದಶಕಗಳಲ್ಲಿ ಅದೇ ಬಗೆಯ ವಲಸೆಯನ್ನು ತಂದವು. ಈ ನಡುವೆ 1949ರಲ್ಲಿ ಬಳ್ಳಾರಿ ಕಥೋಲಿಕ ಧರ್ಮಕ್ಷೇತ್ರವಾಯಿತು, ಅಂದರೆ ಒಬ್ಬ ಬಿಷಪರ ಅಧಿಕಾರವ್ಯಾಪ್ತಿಯ ಪ್ರದೇಶವಾಯಿತು. ಮೊದಲ ಧರ್ಮಾಧ್ಯಕ್ಷ ಜಾನ್ ಫಾರೆಸ್ಟ್ ಹೋಗನ್ ಮತ್ತು ಅವರ ನಂತರದ ಆಂಬ್ರೋಸ್ ಯೆದ್ದನಪಲ್ಲಿ ಇಬ್ಬರೂ ಫ್ರಾನ್ಸಿಸ್ಕನ್ನರು. ಆಸ್ಥಾನಕ್ಕೆ ಬಂದ ದೂತ ಲೂಯಿಸನ ಸನ್ಯಾಸಿಸಭೆಯೇ ನಾಲ್ಕು ಶತಮಾನಗಳ ಬಳಿಕ ಕೂಲಿಕಾರರ ಮತ್ತು ನೌಕರರ ಧರ್ಮಕೇಂದ್ರಗಳನ್ನು ಕಟ್ಟುವ ಹೊಣೆ ಹೊತ್ತಿತು.

ಹೊರಗಿನಿಂದ ಬಂದ ಕುಟುಂಬಗಳಿಗೆ ಊರಲ್ಲಿ ನೆಂಟರಿಷ್ಟರಿರಲಿಲ್ಲವಾದ್ದರಿಂದ ಹೆರಿಗೆ, ಕಾಯಿಲೆ ಮತ್ತು ಸಾವುಗಳಲ್ಲಿ ಧರ್ಮಕೇಂದ್ರವೇ ಬಂಧುಬಳಗದ ಕೆಲಸವನ್ನು ಮಾಡಬೇಕಾಗುತ್ತಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು, ಆಗಮನ ಕಾಲದ ಮೊದಲ ವಾರದಲ್ಲಿಯೇ, ಆರಾಧನಾ ವಿಧಿಯ ಸುಧಾರಣೆಯನ್ನು ಘೋಷಿಸಿ ದೇಶಭಾಷೆಗಳಿಗೆ ದಾರಿ ತೆರೆದ ಮೇಲೆ, ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಬಲಿಪೂಜೆ ಕನ್ನಡಕ್ಕೆ ಬಂತು. ಗುರುಗಳ ನೇರಳೆ ಉಡುಪು, ವಾರಕ್ಕೊಂದರಂತೆ ಹೆಚ್ಚುವ ನಾಲ್ಕು ಮೇಣದ ಬತ್ತಿಗಳು, ಮೂರನೆಯ ಭಾನುವಾರದ ಗುಲಾಬಿ ಬಣ್ಣ ಇವುಗಳ ಅರ್ಥವು ಜನರಿಗೆ ಅವರ ಅರಿವಿನ ಭಾಷೆಯಲ್ಲಿ ತಿಳಿಯತೊಡಗಿತು. ಡಿಸೆಂಬರಿನ ಸಂಜೆಗಳಲ್ಲಿ ಕ್ಯಾರಲ್ಸ್ ತಂಡಗಳು ಮನೆಮನೆಗೆ ಹೋಗಿ ಹಾಡುವುದು, ಕೂಡಿದ ಕಾಣಿಕೆಯಲ್ಲಿ ಒಂದು ಪಾಲನ್ನು ಬಡ ಕುಟುಂಬಗಳ ಬಟ್ಟೆಬರೆಗೆ ಎತ್ತಿಡುವುದು, ಯುವಕರು ಸೇರಿ ಗೋದಲಿ ಕಟ್ಟುವುದು, ನೆರೆಹೊರೆಯ ಹಿಂದೂ ಮುಸ್ಲಿಂ ಮನೆಗಳಿಗೆ ಸಿಹಿ ತಿಂಡಿ ಕಳುಹಿಸುವುದು ಬಯಲುಸೀಮೆಯ ಧರ್ಮಕೇಂದ್ರಗಳ ರೂಢಿಯಾದವು. ಕಂಪ್ಲಿ ಮತ್ತು ಹೊಸಪೇಟೆಯ ಕಾಲುವೆಯಡಿಯ ಗದ್ದೆಗಳಲ್ಲಿ ಮುಂಗಾರಿನ ಭತ್ತ ಕೊಯ್ಲಾಗುವುದೂ ಇದೇ ದಿನಗಳಲ್ಲಿ. ಸುಗ್ಗಿಯ ಕೃತಜ್ಞತೆಗೂ ದಾನಕ್ಕೂ ಲಿಯೋ ಕಲ್ಪಿಸಿದ್ದ ಸಂಬಂಧವು ಇಲ್ಲಿನ ಬೇಸಾಯದ ಲಯಕ್ಕೆ ಹೀಗೆ ತಾನಾಗಿ ಹೊಂದಿಕೊಂಡಿತು.

2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿ ವಿಜಯನಗರ ಜಿಲ್ಲೆ ರೂಪುಗೊಂಡಾಗ ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಕಥೋಲಿಕ ಧರ್ಮಕ್ಷೇತ್ರ ಮಾತ್ರ ಎರಡನ್ನೂ ಒಳಗೊಂಡಿದೆ. ಈ ಸೀಮೆಯ ಕ್ರೈಸ್ತ ಔದಾರ್ಯವನ್ನು ವಿದೇಶಿ ನಿಧಿಗಳ ಮೊತ್ತದಿಂದ ಅಳೆದರೆ 1877ರ ವರ್ಷವೇ ಅದರ ಶಿಖರವಾಗಿ ತೋರುತ್ತದೆ. ಕೊಡುವವನಿಗೂ ಪಡೆಯುವವನಿಗೂ ನಡುವಿನ ಅಂತರದಿಂದ ಅಳೆದರೆ ಚಿತ್ರವೇ ಬೇರೆ: ಅದೇ ಬೀದಿಯಲ್ಲಿ ವಾಸಿಸಿ, ಅದೇ ಗಣಿ ಅಥವಾ ಗದ್ದೆಯಲ್ಲಿ ದುಡಿದು, ನಾಳೆ ತಾನೂ ನೆರವು ಬೇಡಬೇಕಾಗಬಹುದೆಂದು ಅರಿತವನು ಇಂದು ಕೊಡುತ್ತಾನೆ. ಮೊತ್ತ ಚಿಕ್ಕದಾದರೂ ಅಂಥ ದಾನಕ್ಕೆ ಅವಲಂಬನೆಯ ಅಪವಾದ ಅಂಟುವುದಿಲ್ಲ. ಕ್ಷಾಮದ ನಂತರ ಕನ್ನಡದ ಈ ಪುಟ್ಟ ಸಭೆಗಳು ಸಾಧಿಸಿದ ನಿಜವಾದ ಬದಲಾವಣೆ ಅದೇ.